ಬ್ರೌಸರ್‌ನೊಳಗೆ ನೇಟಿವ್ ಕೋಡ್: ಬಿಲ್ಡ್ ಮತ್ತು ಡಿಬಗ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಿ ಅಥವಾ ಸಿ++ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳನ್ನು ಬ್ರೌಸರ್‌ಗೆ ತರುವ ಕೆಲಸಕ್ಕೆ ಹೊಸದಾಗಿ ಇಳಿದವರು ಮಾತಿನಲ್ಲಿ, ಪತ್ರಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಹೆಚ್ಚಿನ ತೊಂದರೆಗಳ ಬೇರು ಒಂದೇ. ನಾವು ಬ್ರೌಸರನ್ನು ನಮ್ಮದೇ ಕಂಪ್ಯೂಟರಿನ ಇನ್ನೊಂದು ಕಿಟಕಿ ಎಂದುಕೊಂಡಿರುತ್ತೇವೆ. ವಾಸ್ತವದಲ್ಲಿ ಅದು ತನ್ನದೇ ಮೆಮೊರಿ, ತನ್ನದೇ ಸ್ಟ್ಯಾಕ್, ತನ್ನದೇ ಕಟ್ಟುಪಾಡುಗಳಿರುವ ಬೇರೊಂದು ಯಂತ್ರ.

## ಮೊದಲ ಹೆಜ್ಜೆಗಳು

ನೇಟಿವ್ ಕೋಡ್ ಬ್ರೌಸರ್‌ನಲ್ಲಿ ಓಡುತ್ತೆ ಅಂದರೆ ನಮ್ಮ ಇಎಕ್ಸ್‌ಇ ಫೈಲೇ ಅಲ್ಲಿ ಓಡುತ್ತಾ?

ಇಲ್ಲ. ಇಎಕ್ಸ್‌ಇ ಫೈಲಿನಲ್ಲಿರುವುದು ಒಂದು ನಿರ್ದಿಷ್ಟ ಪ್ರೊಸೆಸರ್ ಮತ್ತು ಒಂದು ನಿರ್ದಿಷ್ಟ ಆಪರೇಟಿಂಗ್ ಸಿಸ್ಟಂಗೆಂದು ತಯಾರಾದ ಆದೇಶಗಳು. ಅವನ್ನು ಬ್ರೌಸರ್ ನೇರವಾಗಿ ಓಡಿಸುವುದಿಲ್ಲ. ಮೂಲ ಕೋಡನ್ನು ವೆಬ್‌ಅಸೆಂಬ್ಲಿ ಎಂಬ ಬೈನರಿ ರೂಪಕ್ಕೆ ಕಂಪೈಲ್ ಮಾಡಬೇಕು. ಆ ರೂಪ ಯಾವ ಪ್ರೊಸೆಸರ್‌ನದ್ದೂ ಅಲ್ಲ. ಪುಟ ತೆರೆದಾಗ ಬ್ರೌಸರ್ ಮೊದಲು ಅದು ಕ್ರಮಬದ್ಧವಾಗಿದೆಯೇ ಎಂದು ಪರೀಕ್ಷಿಸಿ, ಬಳಿಕ ಓದುಗರ ಯಂತ್ರದ ಪ್ರೊಸೆಸರ್‌ಗೆ ತಕ್ಕ ಆದೇಶಗಳಾಗಿ ಬದಲಾಯಿಸಿ ಓಡಿಸುತ್ತದೆ. ಆದ್ದರಿಂದ ಒಂದೇ ಫೈಲು ಇಂಟೆಲ್ ಲ್ಯಾಪ್‌ಟಾಪ್‌ನಲ್ಲೂ ಎಆರ್‌ಎಂ ಫೋನಿನಲ್ಲೂ ನಡೆಯುತ್ತದೆ.

ಗೂಗಲ್‌ನವರ ನೇಟಿವ್ ಕ್ಲೈಂಟ್ ಅಂತ ಒಂದಿತ್ತಲ್ಲ, ಅದನ್ನು ಈಗ ಕಲಿಯಬಹುದೇ?

ಇತಿಹಾಸವೆಂದು ಓದಬಹುದು, ಹೊಸ ಕೆಲಸಕ್ಕೆ ಬಳಸಲಾಗದು. 2008ರಲ್ಲಿ ಪ್ರಕಟವಾಗಿ 2011ರಲ್ಲಿ ಕ್ರೋಮ್ ಬ್ರೌಸರ್‌ಗೆ ಬಂದ ನೇಟಿವ್ ಕ್ಲೈಂಟ್, ಪ್ರೊಸೆಸರ್‌ನ ನಿಜವಾದ ಆದೇಶಗಳನ್ನೇ ಒಂದು ಪರೀಕ್ಷಕದ ಮೂಲಕ ಹಾಯಿಸಿ, ಅಪಾಯವಿಲ್ಲವೆಂದು ಕಂಡರೆ ಬೇಲಿಯೊಳಗೆ ಓಡಿಸುತ್ತಿತ್ತು. ಪ್ರೊಸೆಸರ್‌ಗೊಂದು ಬಿಲ್ಡ್ ಮಾಡುವ ತಾಪತ್ರಯವನ್ನು ತಪ್ಪಿಸಲು 2013ರಲ್ಲಿ ಅದರ ಪೋರ್ಟಬಲ್ ರೂಪವೂ ಬಂತು. ತಂತ್ರಜ್ಞಾನವಾಗಿ ಅದು ಬಹಳ ಗಟ್ಟಿಯಾದ ಕೆಲಸವಾಗಿತ್ತು, ಆದರೆ ಬೇರೆ ಯಾವ ಬ್ರೌಸರೂ ಅದನ್ನು ಒಪ್ಪಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಮೊಜಿಲ್ಲಾದವರು ಇನ್ನೊಂದು ದಾರಿ ಹಿಡಿದಿದ್ದರು. ಸಿ++ ಕೋಡನ್ನು ಜಾವಾಸ್ಕ್ರಿಪ್ಟ್‌ನ ಒಂದು ಕಟ್ಟುನಿಟ್ಟಾದ ಉಪಭಾಷೆಗೆ ಇಳಿಸಿದರೆ ಎಲ್ಲ ಬ್ರೌಸರ್‌ಗಳಲ್ಲೂ ಓಡುತ್ತದೆ, ಆ ಉಪಭಾಷೆಯನ್ನು ಗುರುತಿಸಬಲ್ಲ ಬ್ರೌಸರ್‌ನಲ್ಲಿ ವೇಗವಾಗಿಯೂ ಓಡುತ್ತದೆ ಎಂಬ ಆಲೋಚನೆಯಿಂದ 2013ರಲ್ಲಿ ಆಸ್ಮ್‌ಜೆಎಸ್ ಹುಟ್ಟಿತು. ಈ ಎರಡೂ ದಾರಿಗಳ ಅನುಭವ ಸೇರಿ 2015ರಲ್ಲಿ ವೆಬ್‌ಅಸೆಂಬ್ಲಿಯ ಘೋಷಣೆಯಾಯಿತು. 2017ರ ಕೊನೆಯೊಳಗೆ ನಾಲ್ಕೂ ಪ್ರಮುಖ ಬ್ರೌಸರ್‌ಗಳು ಅದನ್ನು ಅಳವಡಿಸಿಕೊಂಡವು, 2019ರ ಡಿಸೆಂಬರ್‌ನಲ್ಲಿ ವೆಬ್ ಮಾನಕಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಅದನ್ನು ಅಧಿಕೃತ ಮಾನಕವಾಗಿ ಅಂಗೀಕರಿಸಿತು. ನೇಟಿವ್ ಕ್ಲೈಂಟನ್ನು ಕೈಬಿಡುವುದಾಗಿ ಗೂಗಲ್ 2017ರಲ್ಲೇ ತಿಳಿಸಿತ್ತು.

ಏನೇನು ಇನ್‌ಸ್ಟಾಲ್ ಮಾಡಿಕೊಳ್ಳಬೇಕು?

ಎಂಸ್ಕ್ರಿಪ್ಟನ್ ಎಂಬ ಸಾಧನ ಸಾಕು. ಒಳಗೆ ಕ್ಲ್ಯಾಂಗ್ ಕಂಪೈಲರ್, ಎಲ್‌ಎಲ್‌ವಿಎಂ, ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿ ಎಲ್ಲವೂ ಇರುತ್ತವೆ. ಅದರ ಎಸ್‌ಡಿಕೆಯನ್ನು ಇಳಿಸಿಕೊಂಡು, ಇತ್ತೀಚಿನ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿ, ಸಕ್ರಿಯಗೊಳಿಸಿ, ಟರ್ಮಿನಲ್‌ಗೆ ಅದರ ದಾರಿ ತಿಳಿಸಿದರೆ ಸಿದ್ಧತೆ ಮುಗಿಯಿತು. ಜಿಸಿಸಿ ಎಂದು ಬರೆಯುತ್ತಿದ್ದ ಜಾಗದಲ್ಲಿ ಎಂಸಿಸಿ ಎಂದು ಬರೆದು, ಔಟ್‌ಪುಟ್ ಹೆಸರನ್ನು ಎಚ್‌ಟಿಎಂಎಲ್ ಎಂದು ಕೊನೆಗೊಳಿಸಿದರೆ ಮೂರು ಫೈಲುಗಳು ಸಿಗುತ್ತವೆ: ಪುಟ, ಜಾವಾಸ್ಕ್ರಿಪ್ಟ್, ವಾಸ್ಮ್ (ವೆಬ್‌ಅಸೆಂಬ್ಲಿಯ ಬೈನರಿ ಫೈಲು). ಸಿಮೇಕ್ ಬಳಸುವವರು ಅದರ ಕಮಾಂಡಿನ ಮುಂದೆ ಎಂಸಿಮೇಕ್ ಎಂದು ಸೇರಿಸಿದರಾಯಿತು.

ಇದರ ಜೊತೆಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಿಮ್ಮ ಲಿನಕ್ಸ್ ಅಥವಾ ವಿಂಡೋಸ್ ಬಿಲ್ಡನ್ನು ಅಳಿಸಬೇಡಿ. ಲೆಕ್ಕಾಚಾರದ ತಪ್ಪು, ತರ್ಕದ ತಪ್ಪುಗಳನ್ನು ಜಿಡಿಬಿ, ವ್ಯಾಲ್‌ಗ್ರೈಂಡ್‌ನಂತಹ ದೋಷ ಹುಡುಕುವ ಸಾಧನಗಳಿರುವ ನಿಮ್ಮ ಯಂತ್ರದಲ್ಲೇ ಹಿಡಿಯುವುದು ಎಷ್ಟೋ ಪಾಲು ಸುಲಭ. ಬ್ರೌಸರ್‌ನಲ್ಲಿ ಮಾತ್ರ ಕಾಣುವ ದೋಷಗಳಿಗಷ್ಟೇ ಬ್ರೌಸರ್‌ನಲ್ಲಿ ಸಮಯ ಕೊಡಿ.

ಎಚ್‌ಟಿಎಂಎಲ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಖಾಲಿ ಪುಟ ಬರುತ್ತೆ, ಯಾಕೆ?

ಡಿಸ್ಕಿನಿಂದ ನೇರವಾಗಿ ತೆರೆದ ಪುಟಕ್ಕೆ ಪಕ್ಕದ ವಾಸ್ಮ್ ಫೈಲನ್ನು ತರಿಸಿಕೊಳ್ಳಲು ಬ್ರೌಸರ್ ಅನುಮತಿ ಕೊಡುವುದಿಲ್ಲ. ಪೈಥಾನ್‌ನೊಂದಿಗೇ ಬರುವ ಸಣ್ಣ ವೆಬ್ ಸರ್ವರನ್ನು ಅದೇ ಫೋಲ್ಡರಿನಲ್ಲಿ ಶುರು ಮಾಡಿ, ಲೋಕಲ್‌ಹೋಸ್ಟ್ ವಿಳಾಸದಿಂದ ಪುಟ ತೆರೆಯಿರಿ. ನಿಮ್ಮದೇ ಸರ್ವರಿಗೆ ಹಾಕುವಾಗ ವಾಸ್ಮ್ ಫೈಲಿನ ವಿಧ ಅಪ್ಲಿಕೇಶನ್/ವಾಸ್ಮ್ ಎಂದೇ ಹೋಗುತ್ತಿದೆಯೇ ನೋಡಿಕೊಳ್ಳಿ. ಇಲ್ಲವಾದರೆ ಫೈಲು ಇಳಿಯುತ್ತಿರುವಾಗಲೇ ಕಂಪೈಲ್ ಆಗುವ ಅನುಕೂಲ ತಪ್ಪಿಹೋಗುತ್ತದೆ.

ನಮ್ಮ ಆಟದಲ್ಲಿ ವೈಲ್ ಲೂಪ್ ಇದೆ. ಶುರುವಾದ ಕೂಡಲೇ ಟ್ಯಾಬ್ ಸ್ತಬ್ಧ ಆಗುತ್ತೆ, ಏನು ಮಾಡಲಿ?

ಡೆಸ್ಕ್‌ಟಾಪ್‌ನಲ್ಲಿ ಮುಖ್ಯ ಲೂಪಿನ ಒಡೆತನ ನಿಮ್ಮದು. ಬ್ರೌಸರ್‌ನಲ್ಲಿ ಅದು ಬ್ರೌಸರ್‌ನದು. ಚಿತ್ರ ಬಿಡಿಸುವುದು, ಮೌಸ್ ಗಮನಿಸುವುದು, ನಿಮ್ಮ ಕೋಡನ್ನು ಕರೆಯುವುದು ಇವೆಲ್ಲ ಒಂದೇ ಥ್ರೆಡ್‌ನಲ್ಲಿ ಸರದಿಯಂತೆ ನಡೆಯುತ್ತವೆ. ನಿಮ್ಮ ಫಂಕ್ಷನ್ ಹಿಂತಿರುಗದಿದ್ದರೆ ಮುಂದಿನವರ ಸರದಿ ಬರುವುದೇ ಇಲ್ಲ. ಲೂಪಿನೊಳಗಿನ ಒಂದು ಸುತ್ತಿನ ಕೆಲಸವನ್ನು ಪ್ರತ್ಯೇಕ ಫಂಕ್ಷನ್ ಮಾಡಿ, ಪ್ರತಿ ಫ್ರೇಮಿಗೊಮ್ಮೆ ಅದನ್ನು ಕರೆಯುವಂತೆ ಎಂಸ್ಕ್ರಿಪ್ಟನ್‌ಗೆ ಒಪ್ಪಿಸಬೇಕು. ಹಳೆಯ ಕೋಡಿನ ಆಳದಲ್ಲೆಲ್ಲೋ ಕಾಯುವ ಕರೆಗಳಿದ್ದು ಹಾಗೆ ಬಿಡಿಸಲಾಗದಿದ್ದರೆ, ಕೋಡನ್ನು ನಡುವೆ ನಿಲ್ಲಿಸಿ ಆಮೇಲೆ ಮುಂದುವರಿಸುವ ಅಸಿಂಕಿಫೈ ಎಂಬ ಸೌಲಭ್ಯವಿದೆ. ಆದರೆ ಅದು ಫೈಲಿನ ಗಾತ್ರವನ್ನು ಹೆಚ್ಚಿಸಿ ವೇಗವನ್ನು ತಗ್ಗಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಲೂಪನ್ನು ಬಿಡಿಸಿ ಬರೆಯುವ ಎರಡು ದಿನಗಳ ಶ್ರಮ ವ್ಯರ್ಥವಾಗುವುದಿಲ್ಲ.

## ಬಿಲ್ಡ್ ಆದ ಮೇಲೆ

ಫಂಕ್ಷನ್ ಬರೆದಿದ್ದೇನೆ, ಕಂಪೈಲೂ ಆಗಿದೆ, ಆದರೆ ಜಾವಾಸ್ಕ್ರಿಪ್ಟ್‌ನಿಂದ ಕರೆದರೆ ಅಂಥದ್ದು ಇಲ್ಲ ಅನ್ನುತ್ತೆ.

ಎರಡು ಕಾರಣಗಳಿರಬಹುದು. ಮೇನ್ ಫಂಕ್ಷನ್‌ನಿಂದ ಯಾರೂ ಕರೆಯದ ಫಂಕ್ಷನ್ ಅನಗತ್ಯವೆಂದು ಲಿಂಕರ್ ಅದನ್ನು ತೆಗೆದುಹಾಕಿರಬಹುದು. ರಫ್ತು ಮಾಡಬೇಕಾದ ಫಂಕ್ಷನ್‌ಗಳ ಪಟ್ಟಿಯಲ್ಲಿ ಅದರ ಹೆಸರನ್ನು, ಮುಂದೊಂದು ಅಂಡರ್‌ಸ್ಕೋರ್ ಸೇರಿಸಿ, ಕೊಡಬೇಕು. ಅಥವಾ ಸಿ++ ಕಂಪೈಲರ್ ಆರ್ಗ್ಯುಮೆಂಟುಗಳ ವಿಧವನ್ನೂ ಹೆಸರಿಗೆ ಹೆಣೆದು ಅದನ್ನು ಗುರುತು ಸಿಗದಂತೆ ಮಾಡಿರಬಹುದು. ಎಕ್ಸ್‌ಟರ್ನ್ ಸಿ ಎಂದು ಘೋಷಿಸಿದರೆ ಹೆಸರು ಇದ್ದಂತೆಯೇ ಉಳಿಯುತ್ತದೆ.

ಇಂಗ್ಲಿಷ್ ಪಠ್ಯ ಕಳಿಸಿದರೆ ಸರಿಯಾಗಿದೆ, ಕನ್ನಡ ಕಳಿಸಿದರೆ ಮಾತ್ರ ಪ್ರೋಗ್ರಾಂ ಹಾಳಾಗುತ್ತೆ. ಯುನಿಕೋಡ್ ತೊಂದರೆಯೇ?

ಯುನಿಕೋಡ್‌ನ ತಪ್ಪಲ್ಲ, ಅಳತೆಯ ತಪ್ಪು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದು ಮೂರು ಅಕ್ಷರ. ಯುನಿಕೋಡ್‌ನಲ್ಲಿ ಕ, ನ, ಹಲಂತದ ಗುರುತು, ಮತ್ತೆ ನ, ಡ ಹೀಗೆ ಐದು ಕೋಡ್‌ಪಾಯಿಂಟುಗಳು; ಜಾವಾಸ್ಕ್ರಿಪ್ಟ್‌ನಲ್ಲಿ ಉದ್ದ ಕೇಳಿದರೆ 5 ಎಂದೇ ಉತ್ತರ ಬರುತ್ತದೆ. ಆದರೆ ಸಿ ಕೋಡಿಗೆ ಹೋಗುವುದು ಯುಟಿಎಫ್-8 ರೂಪ. ಅಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ 3 ಬೈಟ್ ಬೇಕು, ಒಟ್ಟು 15, ಕೊನೆಯ ಸೊನ್ನೆ ಸೇರಿ 16. ಉದ್ದ 5 ಇದೆ ಎಂದು 6 ಬೈಟ್ ಜಾಗ ಪಡೆದು ಅದರಲ್ಲಿ 16 ಬೈಟ್ ಬರೆದರೆ ಪಕ್ಕದಲ್ಲಿದ್ದ ಮಾಹಿತಿ ಅಳಿಸಿಹೋಗುತ್ತದೆ. ಬರೆಯುವಾಗ ಜಾಗದ ಮಿತಿ ಕೊಟ್ಟಿದ್ದರೆ ಪಠ್ಯವೇ ನಡುವೆ ತುಂಡಾಗುತ್ತದೆ. ಇಂಗ್ಲಿಷ್‌ನಲ್ಲಿ ಒಂದಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಈ ತಪ್ಪು ಅಲ್ಲಿ ಅಡಗಿ ಕುಳಿತಿರುತ್ತದೆ. ಉದ್ದವನ್ನು ಯುಟಿಎಫ್-8 ಬೈಟುಗಳಲ್ಲೇ ಎಣಿಸಿಕೊಡುವ ಫಂಕ್ಷನ್ ಎಂಸ್ಕ್ರಿಪ್ಟನ್‌ನಲ್ಲಿದೆ. ಯಾವಾಗಲೂ ಅದನ್ನೇ ಬಳಸಬೇಕು.

ಇನ್ನೂ ಸೂಕ್ಷ್ಮವಾದ ಒಂದು ರೂಪವಿದೆ, ಅದನ್ನು ಹುಡುಕಲು ನನಗೆ ಇಡೀ ಒಂದು ಸಂಜೆ ಹಿಡಿಯಿತು. ಕನ್ನಡ ಪಠ್ಯದಲ್ಲಿ ಪದಗಳ ಆವರ್ತನ ಎಣಿಸುವ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಒಂದು ಪ್ಯಾರಾ ಕೊಟ್ಟರೆ ಸರಿಯಾಗಿ ನಡೆಯುತ್ತಿತ್ತು, ಇಡೀ ಅಧ್ಯಾಯ ಅಂಟಿಸಿದರೆ ಬಿದ್ದುಹೋಗುತ್ತಿತ್ತು, ಅಷ್ಟೇ ಉದ್ದದ ಇಂಗ್ಲಿಷ್ ಪಠ್ಯ ಮಾತ್ರ ತೊಂದರೆಯಿಲ್ಲದೆ ದಾಟುತ್ತಿತ್ತು. ಕಾರಣ ಇದು: ಜಾವಾಸ್ಕ್ರಿಪ್ಟ್‌ನಿಂದ ಸಿ ಫಂಕ್ಷನ್ ಕರೆಯುವ ಸಿಕಾಲ್ ಎಂಬ ಸುಲಭ ದಾರಿಯಲ್ಲಿ ಪಠ್ಯ ಕಳಿಸಿದರೆ ಅದನ್ನು ತಾತ್ಕಾಲಿಕವಾಗಿ ಸ್ಟ್ಯಾಕ್ ಮೇಲೆ ಇರಿಸಲಾಗುತ್ತದೆ, ಸ್ಟ್ಯಾಕಿನ ಪೂರ್ವನಿಯೋಜಿತ ಗಾತ್ರ 64 ಕೆಬಿ ಮಾತ್ರ. ಇಂಗ್ಲಿಷ್ ಆದರೆ ಸುಮಾರು 65 ಸಾವಿರ ಅಕ್ಷರ ಹಿಡಿಸುವ ಜಾಗದಲ್ಲಿ ಕನ್ನಡದ ಕೋಡ್‌ಪಾಯಿಂಟುಗಳು 21 ಸಾವಿರದ ಆಸುಪಾಸಿಗೇ ತುಂಬಿಬಿಡುತ್ತವೆ. ದೊಡ್ಡ ಪಠ್ಯವನ್ನು ಹೀಪ್‌ನಲ್ಲಿ ಜಾಗ ಪಡೆದು ಕಳಿಸಿ, ಕೆಲಸ ಮುಗಿದ ಮೇಲೆ ಬಿಡುಗಡೆ ಮಾಡುವುದು ಸರಿಯಾದ ಕ್ರಮ. ಸಿಕಾಲ್ ಮೂಲಕ ಬಂದ ಪಾಯಿಂಟರನ್ನು ಆಮೇಲೆ ನೋಡೋಣವೆಂದು ಎತ್ತಿಟ್ಟುಕೊಳ್ಳಲೂ ಬಾರದು. ಕರೆ ಮುಗಿದೊಡನೆ ಆ ಜಾಗ ಬೇರೆಯವರ ಪಾಲಾಗುತ್ತದೆ.

ಕ್ಯಾನ್ವಾಸ್ ಮೇಲೆ ನಮ್ಮದೇ ಕೋಡ್ ಅಕ್ಷರ ಬಿಡಿಸುತ್ತೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಫ್ರೀಟೈಪ್‌ನಂತಹ ಲೈಬ್ರರಿ ಫಾಂಟಿನಿಂದ ಒಂದೊಂದೇ ಗ್ಲಿಫ್ (ಅಕ್ಷರದ ಚಿತ್ರ) ಬಿಡಿಸಿಕೊಡುತ್ತದೆ, ಅಷ್ಟೇ. ಯಾವ ಕೋಡ್‌ಪಾಯಿಂಟುಗಳು ಕೂಡಿ ಯಾವ ಒತ್ತಕ್ಷರವಾಗುತ್ತವೆ, ಗುಣಿತದ ಚಿಹ್ನೆ ಎಲ್ಲಿ ಕೂರಬೇಕು ಎಂಬುದನ್ನು ಫಾಂಟಿನ ನಿಯಮಗಳಂತೆ ನಿರ್ಧರಿಸುವ ಕೆಲಸವೇ ಬೇರೆ. ಅದಕ್ಕೆ ಹಾರ್ಫ್‌ಬಝ್ ಎಂಬ ಲೈಬ್ರರಿ ಇದೆ, ಅದು ವೆಬ್‌ಅಸೆಂಬ್ಲಿಗೂ ಕಂಪೈಲ್ ಆಗುತ್ತದೆ. ಬ್ರೌಸರ್ ತನ್ನ ಪುಟಗಳಲ್ಲಿ ಈ ಕೆಲಸವನ್ನು ತಾನೇ ಮಾಡುತ್ತದಾದ್ದರಿಂದ, ಬರೀ ಶೀರ್ಷಿಕೆ, ಬಟನ್‌ಗಳಷ್ಟೇ ಇದ್ದರೆ ಅವನ್ನು ಎಚ್‌ಟಿಎಂಎಲ್‌ಗೆ ಬಿಟ್ಟುಕೊಡುವುದು ಮೇಲು.

ಎಫ್‌ಓಪನ್ ಕೆಲಸ ಮಾಡುತ್ತೆ, ಫೈಲೂ ಉಳಿಯುತ್ತೆ. ಪುಟ ರಿಫ್ರೆಶ್ ಮಾಡಿದರೆ ಎಲ್ಲ ಮಾಯ!

ನೀವು ಬರೆದ ಫೈಲು ಡಿಸ್ಕಿಗೆ ಹೋಗಿರುವುದಿಲ್ಲ. ಎಂಸ್ಕ್ರಿಪ್ಟನ್ ಪೂರ್ವನಿಯೋಜಿತವಾಗಿ ಕೊಡುವುದು ಮೆಮೊರಿಯಲ್ಲೇ ಇರುವ ಫೈಲ್ ವ್ಯವಸ್ಥೆ. ಪುಟದೊಂದಿಗೆ ಅದೂ ಅಳಿಯುತ್ತದೆ. ಉಳಿಯಬೇಕಾದ ಫೋಲ್ಡರನ್ನು ಬ್ರೌಸರ್‌ನೊಳಗಿನ ದತ್ತಸಂಗ್ರಹವಾದ ಇಂಡೆಕ್ಸೆಡ್‌ಡಿಬಿಗೆ ಜೋಡಿಸುವ ಐಡಿಬಿಎಫ್‌ಎಸ್ ಬಳಸಬಹುದು. ಅಲ್ಲಿಯೂ ಸಿಂಕ್ ಎಂಬ ಕರೆಯನ್ನು ಶುರುವಿನಲ್ಲಿ ಒಮ್ಮೆ ಓದಲು, ಬರೆದ ಮೇಲೊಮ್ಮೆ ಉಳಿಸಲು ನಾವೇ ಮಾಡಬೇಕು, ಅದು ಮುಗಿಯುವವರೆಗೆ ಕಾಯಲೂಬೇಕು.

## ದೋಷ ಹುಡುಕುವುದು

ಜಿಡಿಬಿ ಥರ ಸಾಲು ಸಾಲಾಗಿ ನಿಲ್ಲಿಸಿ ನೋಡಲು ಆಗುತ್ತಾ, ಇಲ್ಲಾ ಪ್ರಿಂಟ್‌ಎಫ್ ಒಂದೇ ಗತಿಯೇ?

ಆಗುತ್ತದೆ. ಕಂಪೈಲ್ ಮತ್ತು ಲಿಂಕ್ ಎರಡೂ ಹಂತಗಳಲ್ಲಿ ಜಿ ಎಂಬ ಡಿಬಗ್ ಆಯ್ಕೆಯನ್ನು ಕೊಟ್ಟು, ಆಪ್ಟಿಮೈಸೇಶನ್ ಮಟ್ಟವನ್ನು ಸೊನ್ನೆಗೆ ಇಳಿಸಿ ಬಿಲ್ಡ್ ಮಾಡಿದರೆ ಡ್ವಾರ್ಫ್ ಎಂಬ ರೂಪದ ಡಿಬಗ್ ಮಾಹಿತಿ ವಾಸ್ಮ್ ಫೈಲಿನೊಳಗೇ ಸೇರುತ್ತದೆ. ಕ್ರೋಮ್‌ಗೆ ಅದನ್ನು ಓದಬಲ್ಲ ಸಿ/ಸಿ++ ಎಕ್ಸ್‌ಟೆನ್ಶನ್ ಹಾಕಿಕೊಂಡು ಬ್ರೌಸರ್‌ನ ಡೆವಲಪರ್ ಸಾಧನವಾದ ಡೆವ್‌ಟೂಲ್ಸ್ ತೆರೆದರೆ ನಿಮ್ಮದೇ ಮೂಲ ಫೈಲು ಕಾಣುತ್ತದೆ; ಬ್ರೇಕ್‌ಪಾಯಿಂಟ್ ಇಡಬಹುದು, ವೇರಿಯಬಲ್ಲುಗಳನ್ನು ಅವುಗಳ ಸಿ++ ವಿಧದೊಂದಿಗೇ ನೋಡಬಹುದು. ಬೇರೆ ಯಂತ್ರದಲ್ಲಿ ಅಥವಾ ಡಾಕರ್‌ನಲ್ಲಿ ಬಿಲ್ಡ್ ಮಾಡಿದ್ದರೆ ಮೂಲ ಫೈಲುಗಳ ದಾರಿ ಹೊಂದದೆ ಪರದೆ ಖಾಲಿ ಕಾಣಬಹುದು. ಆಗ ಎಕ್ಸ್‌ಟೆನ್ಶನ್‌ನ ಸೆಟ್ಟಿಂಗ್‌ನಲ್ಲಿ ಹಳೆಯ ದಾರಿಗೆ ಹೊಸ ದಾರಿಯನ್ನು ಜೋಡಿಸಬೇಕು.

ಡೆವ್‌ಟೂಲ್ಸ್ ತೆರೆದಾಗ ಕ್ರೋಮ್ ಕೋಡನ್ನು ಡಿಬಗ್ ಮಾಡಲು ಅನುಕೂಲವಾದ, ಆದರೆ ನಿಧಾನವಾದ ರೂಪಕ್ಕೆ ಇಳಿಸುತ್ತದೆ. ಆ ಸ್ಥಿತಿಯಲ್ಲಿ ವೇಗ ಅಳೆದು ನಿರಾಶರಾಗಬೇಡಿ. ಪ್ರಿಂಟ್‌ಎಫ್ ಬಳಸುವವರು ಸಾಲಿನ ಕೊನೆಗೆ ಹೊಸಸಾಲಿನ ಗುರುತು ಹಾಕುವುದನ್ನು ಮರೆಯಬಾರದು, ಅದು ಬರುವವರೆಗೆ ಕನ್ಸೋಲ್‌ನಲ್ಲಿ ಏನೂ ಮೂಡುವುದಿಲ್ಲ.

ನಲ್ ಪಾಯಿಂಟರ್‌ಗೆ ಬರೆದರೂ ಕ್ರ್ಯಾಶ್ ಆಗುತ್ತಿಲ್ಲ. ಬ್ರೌಸರ್ ಅದನ್ನು ಸರಿ ಮಾಡುತ್ತಾ?

ಸರಿ ಮಾಡುವುದಿಲ್ಲ, ಮುಚ್ಚಿಹಾಕುತ್ತದೆ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಲಿನಕ್ಸ್‌ನಲ್ಲಿ ಸೊನ್ನೆಯ ವಿಳಾಸದ ಸುತ್ತಲಿನ ಪುಟವನ್ನು ಆಪರೇಟಿಂಗ್ ಸಿಸ್ಟಂ ಯಾರಿಗೂ ಕೊಟ್ಟಿರುವುದಿಲ್ಲ, ಅಲ್ಲಿ ಕೈಯಿಟ್ಟ ಪ್ರೋಗ್ರಾಂ ಆ ಕ್ಷಣವೇ ಸೆಗ್‌ಫಾಲ್ಟ್ ಆಗಿ ನಿಲ್ಲುತ್ತದೆ. ವೆಬ್‌ಅಸೆಂಬ್ಲಿಯ ಮೆಮೊರಿ ಸೊನ್ನೆಯಿಂದ ಶುರುವಾಗುವ, 64 ಕೆಬಿಯ ಪುಟಗಳಲ್ಲಿ ಬೆಳೆಯುವ ಒಂದೇ ಉದ್ದನೆಯ ಬೈಟುಗಳ ಸಾಲು. ಅದರಲ್ಲಿ ಸೊನ್ನೆಯೂ ಇತರ ವಿಳಾಸಗಳಂತೆ ಒಂದು ವಿಳಾಸ. ಅಲ್ಲಿಂದ ಓದಿದರೆ ಏನೋ ಒಂದು ಸಂಖ್ಯೆ, ಸಾಮಾನ್ಯವಾಗಿ ಸೊನ್ನೆ, ಬರುತ್ತದೆ. ಬರೆದರೆ ಬರವಣಿಗೆ ಉಳಿಯುತ್ತದೆ. ಪ್ರೋಗ್ರಾಂ ತಪ್ಪು ಲೆಕ್ಕದೊಂದಿಗೆ ಮುಂದುವರಿದು, ಎಷ್ಟೋ ಹೊತ್ತಿನ ನಂತರ ಸಂಬಂಧವೇ ಇಲ್ಲದ ಜಾಗದಲ್ಲಿ ಕುಸಿಯುತ್ತದೆ.

ಇದನ್ನು ಹಿಡಿಯುವ ಸಾಧನಗಳಿವೆ. ಅಸರ್ಶನ್ಸ್ ಆಯ್ಕೆ ಸೊನ್ನೆಯ ವಿಳಾಸದಲ್ಲಿ ಒಂದು ಗುರುತು ಬರೆದಿಟ್ಟು, ಅದು ಅಳಿಸಿದೆಯೇ ಎಂದು ಆಮೇಲೆ ಪರೀಕ್ಷಿಸುತ್ತದೆ. ತಪ್ಪು ನಡೆದಿದೆ ಎಂದು ತಿಳಿಯುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ. ಸೇಫ್ ಹೀಪ್ ಆಯ್ಕೆ ಪ್ರತಿ ಓದು, ಪ್ರತಿ ಬರಹವನ್ನೂ ತಡೆದು ನೋಡುವುದರಿಂದ ತಪ್ಪಿದ ಸಾಲಿನಲ್ಲೇ ನಿಲ್ಲುತ್ತದೆ. ಕ್ಲ್ಯಾಂಗ್‌ನ ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರಿಗೂ ನಲ್ ಪರೀಕ್ಷೆ ಗೊತ್ತು. ಬಿಡುಗಡೆಯಾದ ಜಾಗವನ್ನು ಮತ್ತೆ ಬಳಸುವುದು, ಅರೇಯ ಆಚೆಗೆ ಬರೆಯುವುದು ಇವುಗಳಿಗೆ ಅಡ್ರೆಸ್ ಸ್ಯಾನಿಟೈಸರ್ ಇದೆ. ಅದಕ್ಕೆ ಹೆಚ್ಚು ಮೆಮೊರಿ ಬೇಕು, ಆದ್ದರಿಂದ ಮೆಮೊರಿ ಬೆಳೆಯಲು ಅನುಮತಿ ಕೊಟ್ಟು ಬಿಲ್ಡ್ ಮಾಡಬೇಕು. ಇವೆಲ್ಲ ನಿಧಾನ, ಆದರೂ ವಾರಕ್ಕೊಮ್ಮೆಯಾದರೂ ಈ ಬಿಲ್ಡನ್ನು ಓಡಿಸದ ಪ್ರಾಜೆಕ್ಟನ್ನು ನಾನು ನಂಬಲಾರೆ.

ಕನ್ಸೋಲ್‌ನಲ್ಲಿ ರನ್‌ಟೈಮ್ ಎರರ್ ಅಂತ ಬರುತ್ತೆ: ಒಮ್ಮೆ ಅನ್‌ರೀಚಬಲ್, ಒಮ್ಮೆ ಔಟ್ ಆಫ್ ಬೌಂಡ್ಸ್, ಒಮ್ಮೆ ಸಿಗ್ನೇಚರ್ ಮಿಸ್‌ಮ್ಯಾಚ್. ಅರ್ಥವೇನು?

ಔಟ್ ಆಫ್ ಬೌಂಡ್ಸ್ ಎಂದರೆ ನಿಮಗೆ ಸಿಕ್ಕಿರುವ ಮೆಮೊರಿಯ ಹೊರಗಿನ ವಿಳಾಸಕ್ಕೆ ಹೋಗಿದ್ದೀರಿ. ಬಹುಪಾಲು ಸಲ ಹಾಳಾದ ಪಾಯಿಂಟರ್. ಅನ್‌ರೀಚಬಲ್ ಎಂದರೆ ಕಂಪೈಲರ್ ‘ಇಲ್ಲಿಗೆ ಬರುವುದು ಸಾಧ್ಯವಿಲ್ಲ’ ಎಂದು ಗುರುತು ಹಾಕಿದ ಜಾಗಕ್ಕೆ ಪ್ರೋಗ್ರಾಂ ಬಂದಿದೆ. ಮೌಲ್ಯ ಹಿಂತಿರುಗಿಸಬೇಕಾದ ಫಂಕ್ಷನ್‌ನಲ್ಲಿ ರಿಟರ್ನ್ ಬರೆಯಲು ಮರೆತಿರುವುದು ಅಥವಾ ಅಬಾರ್ಟ್ ಆಗಿರುವುದು ಇದರ ಸಾಮಾನ್ಯ ಕಾರಣಗಳು.

ಮೂರನೆಯದು ನೇಟಿವ್ ಲೋಕದಿಂದ ಬಂದವರನ್ನು ಬೆಚ್ಚಿಬೀಳಿಸುತ್ತದೆ. ಒಂದು ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಕಾಲ್‌ಬ್ಯಾಕ್ ಫಂಕ್ಷನನ್ನು, ಎರಡು ತೆಗೆದುಕೊಳ್ಳುವ ವಿಧಕ್ಕೆ ಕ್ಯಾಸ್ಟ್ ಮಾಡಿ ಕರೆಯುವ ರೂಢಿ ಹಳೆಯ ಸಿ ಲೈಬ್ರರಿಗಳಲ್ಲಿ ಧಾರಾಳವಾಗಿದೆ. ಇಂಟೆಲ್ ಯಂತ್ರದಲ್ಲಿ ಹೆಚ್ಚಿನ ಆರ್ಗ್ಯುಮೆಂಟ್ ಒಂದು ರಿಜಿಸ್ಟರ್‌ನಲ್ಲಿ ಸುಮ್ಮನೆ ಉಳಿದುಬಿಡುತ್ತದೆ, ಕೆಲಸ ನಡೆಯುತ್ತದೆ. ವೆಬ್‌ಅಸೆಂಬ್ಲಿಯಲ್ಲಿ ಫಂಕ್ಷನ್ ಪಾಯಿಂಟರ್ ಎಂದರೆ ಒಂದು ಕೋಷ್ಟಕದ ಕ್ರಮಸಂಖ್ಯೆ. ಕರೆಯುವ ಮುನ್ನ ಎರಡೂ ಕಡೆಯ ವಿಧಗಳನ್ನು ತಾಳೆ ನೋಡಲಾಗುತ್ತದೆ, ಹೊಂದದಿದ್ದರೆ ಅಲ್ಲೇ ನಿಲುಗಡೆ. ಕ್ಯಾಸ್ಟ್ ತೆಗೆದು ಸರಿಯಾದ ವಿಧದ ಸಣ್ಣ ಫಂಕ್ಷನ್ ಬರೆಯುವುದೇ ಪರಿಹಾರ.

## ಮುಂದುವರಿದವರಿಗೆ

ಸ್ವಲ್ಪ ಹೊತ್ತು ಸರಿಯಾಗಿ ನಡೆದು, ದೊಡ್ಡ ಚಿತ್ರ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಕಡೆ ಅರೇಯ ಉದ್ದ ಸೊನ್ನೆ ಆಗಿಬಿಡುತ್ತೆ!

ಎಂಸ್ಕ್ರಿಪ್ಟನ್ ಆರಂಭದಲ್ಲಿ ಕೊಡುವುದು 16 ಎಂಬಿ. ಬೆಳೆಯಲು ಅನುಮತಿ ಇದ್ದರೆ, ಜಾಗ ಸಾಲದಾದಾಗ ಮೆಮೊರಿ ಹಿಗ್ಗುತ್ತದೆ. ಹಿಗ್ಗಿದ ಕ್ಷಣದಲ್ಲಿ ಹಳೆಯ ಅರೇ ಬಫರ್ ಕಳಚಿಕೊಳ್ಳುತ್ತದೆ, ಅದರ ಮೇಲೆ ನೀವು ಮೊದಲೇ ಮಾಡಿಟ್ಟುಕೊಂಡಿದ್ದ ನೋಟಗಳ (ಟೈಪ್ಡ್ ಅರೇಗಳ) ಉದ್ದವೆಲ್ಲ ಸೊನ್ನೆಯಾಗುತ್ತದೆ. ಮೆಮೊರಿ ಕೇಳಬಹುದಾದ ಯಾವುದೇ ಕರೆಯ ನಂತರ ನೋಟವನ್ನು ಹೊಸದಾಗಿ ಪಡೆಯಬೇಕು. ಪಾಯಿಂಟರ್ ಬದಲಾಗಿರುವುದಿಲ್ಲ, ಅದನ್ನೇ ಬಳಸಬಹುದು. ಸಾಮಾನ್ಯ 32 ಬಿಟ್ ವಿಳಾಸಗಳಲ್ಲಿ ಮೆಮೊರಿಯ ಗರಿಷ್ಠ ಮಿತಿ 4 ಜಿಬಿ.

ಪಿಥ್ರೆಡ್ ಹಾಕಿ ಬಿಲ್ಡ್ ಮಾಡಿದೆ. ನನ್ನ ಯಂತ್ರದಲ್ಲಿ ಓಡುತ್ತೆ, ಸರ್ವರಿಗೆ ಹಾಕಿದರೆ ಶೇರ್ಡ್ ಅರೇ ಬಫರ್ ಇಲ್ಲ ಅನ್ನುತ್ತೆ.

ಥ್ರೆಡ್‌ಗಳು ಒಂದೇ ಮೆಮೊರಿ ಹಂಚಿಕೊಳ್ಳಲು ಶೇರ್ಡ್ ಅರೇ ಬಫರ್ ಬೇಕು. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೌರ್ಬಲ್ಯ ಬಯಲಾದಾಗ, ಈ ಬಫರ್ ಮೂಲಕ ಅತಿ ಸೂಕ್ಷ್ಮವಾಗಿ ಸಮಯ ಅಳೆದು ಬೇರೆ ತಾಣಗಳ ಮಾಹಿತಿ ಕದಿಯಬಹುದೆಂಬ ಭಯದಿಂದ ಬ್ರೌಸರ್‌ಗಳು ಅದನ್ನು ಮುಚ್ಚಿದವು. ಈಗ ನಿಮ್ಮ ಪುಟ ಬೇರೆ ತಾಣಗಳಿಂದ ಪ್ರತ್ಯೇಕವಾಗಿದೆ ಎಂದು ಸರ್ವರ್ ಎರಡು ಹೆಡರ್‌ಗಳಲ್ಲಿ ಹೇಳಿದರೆ ಮಾತ್ರ ಅದು ಸಿಗುತ್ತದೆ: ಕ್ರಾಸ್-ಒರಿಜಿನ್-ಓಪನರ್-ಪಾಲಿಸಿಗೆ ಸೇಮ್-ಒರಿಜಿನ್, ಕ್ರಾಸ್-ಒರಿಜಿನ್-ಎಂಬೆಡರ್-ಪಾಲಿಸಿಗೆ ರಿಕ್ವೈರ್-ಕಾರ್ಪ್. ನಿಮ್ಮ ಯಂತ್ರದ ಪರೀಕ್ಷಾ ಸರ್ವರ್ ಈ ಹೆಡರ್‌ಗಳನ್ನು ತಾನೇ ಕಳಿಸುತ್ತಿದ್ದಿರಬಹುದು. ಇವನ್ನು ಹಾಕಿದ ಮೇಲೆ ಬೇರೆ ತಾಣದಿಂದ ತರುವ ಚಿತ್ರ, ಫಾಂಟು, ಸ್ಕ್ರಿಪ್ಟುಗಳು ಆ ತಾಣದ ಒಪ್ಪಿಗೆಯಿಲ್ಲದೆ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಖ್ಯ ಥ್ರೆಡ್ ಬೇರೆ ಥ್ರೆಡ್‌ಗಾಗಿ ಕಾಯುತ್ತಾ ಕೂತರೆ ಪರಸ್ಪರ ಕಾದು ಎರಡೂ ನಿಂತುಹೋಗುವ ಅಪಾಯವಿದೆ, ಏಕೆಂದರೆ ಹೊಸ ಥ್ರೆಡ್ ಹುಟ್ಟಬೇಕಾದರೆ ಮುಖ್ಯ ಥ್ರೆಡ್ ಬ್ರೌಸರ್‌ಗೆ ಹಿಂತಿರುಗಿರಬೇಕು. ಥ್ರೆಡ್‌ಗಳನ್ನು ಮೊದಲೇ ಒಂದು ಗುಂಪಾಗಿ ಸೃಷ್ಟಿಸಿಟ್ಟುಕೊಳ್ಳುವುದು, ಅಥವಾ ಮೇನ್ ಫಂಕ್ಷನನ್ನೇ ಇನ್ನೊಂದು ಥ್ರೆಡ್‌ಗೆ ಸ್ಥಳಾಂತರಿಸುವುದು ಇದಕ್ಕಿರುವ ದಾರಿಗಳು.

ಬಳಕೆದಾರರು ಕಳಿಸಿದ ಎರರ್‌ನಲ್ಲಿ ಬರೀ ವಾಸ್ಮ್ ಫಂಕ್ಷನ್ 1482 ಅಂತಿದೆ. ಯಾವ ಫಂಕ್ಷನ್ ಅಂತ ಹೇಗೆ ತಿಳಿಯಲಿ?

ಬಿಡುಗಡೆಯ ಬಿಲ್ಡ್‌ನಲ್ಲಿ ಹೆಸರುಗಳನ್ನು ತೆಗೆದಿರುವುದರಿಂದ ಬರೀ ಕ್ರಮಸಂಖ್ಯೆ ಉಳಿಯುತ್ತದೆ. ಲಿಂಕ್ ಮಾಡುವಾಗ ಸಿಂಬಲ್ ಮ್ಯಾಪ್ ಕೇಳಿದರೆ ಸಂಖ್ಯೆಗೂ ಹೆಸರಿಗೂ ಇರುವ ಪಟ್ಟಿ ಪ್ರತ್ಯೇಕ ಫೈಲಾಗಿ ಸಿಗುತ್ತದೆ. ಡ್ವಾರ್ಫ್ ಮಾಹಿತಿಯನ್ನೂ ಬೇರೆ ಫೈಲಿಗೆ ಬರೆಸಬಹುದು; ಆಗ ಓದುಗರಿಗೆ ಹೋಗುವ ಫೈಲು ಚಿಕ್ಕದಾಗಿಯೇ ಇರುತ್ತದೆ. ಈ ಎರಡನ್ನೂ ಪ್ರತಿ ಬಿಡುಗಡೆಯ ಜೊತೆಗೇ ಎತ್ತಿಡಬೇಕು. ಒಂದು ಸಾಲು ಬದಲಾದರೂ ಸಂಖ್ಯೆಗಳು ಸರಿದುಹೋಗಬಹುದಾದ್ದರಿಂದ ನಾಳೆ ಮತ್ತೆ ಬಿಲ್ಡ್ ಮಾಡಿ ಪಡೆದ ಪಟ್ಟಿಯನ್ನು ನಿನ್ನೆಯ ದೋಷಕ್ಕೆ ನಂಬುವಂತಿಲ್ಲ.

ಕಂಪೈಲರನ್ನೂ ಬ್ರೌಸರ್‌ನಲ್ಲೇ ಓಡಿಸಬಹುದೇ? ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ.

ಓಡಿಸಬಹುದು, ಆ ಆಸೆ ಹಳೆಯದೂ ಹೌದು. ನೇಟಿವ್ ಕ್ಲೈಂಟ್ ಕಾಲದಲ್ಲೇ ಬ್ಯಾಶ್, ಜಿಸಿಸಿ, ಜಿಡಿಬಿಗಳನ್ನು ಕ್ರೋಮ್‌ನ ಒಂದು ಟ್ಯಾಬಿನೊಳಗೆ ತಂದಿದ್ದರು. ಈಗ ಕ್ಲ್ಯಾಂಗ್ ಮತ್ತು ಅದರ ಲಿಂಕರನ್ನೇ ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಿ, ಪುಟದಲ್ಲಿ ಟೈಪ್ ಮಾಡಿದ ಸಿ++ ಕೋಡನ್ನು ಅಲ್ಲೇ ಬಿಲ್ಡ್ ಮಾಡಿ ಅಲ್ಲೇ ಓಡಿಸುವುದು ಸಾಧ್ಯವಾಗಿದೆ. ಮೊದಲ ಸಲ ಹತ್ತಾರು ಎಂಬಿ ಇಳಿಯಬೇಕು, ದೊಡ್ಡ ಪ್ರಾಜೆಕ್ಟಿಗೆ ವೇಗ ಸಾಲದು. ಆದರೆ ಪಾಯಿಂಟರ್ ಎಂದರೇನೆಂದು ಕಲಿಯುವ ವಿದ್ಯಾರ್ಥಿಗೆ ಅಷ್ಟು ಸಾಕು. ಇನ್ನೊಂದು ದಾರಿ ವಿ86ರಂತಹ ಎಮ್ಯುಲೇಟರ್. ಅದು ಬ್ರೌಸರ್‌ನಲ್ಲಿ ಒಂದು ಹಳೆಯ ಇಂಟೆಲ್ ಮಾದರಿಯ ಕಂಪ್ಯೂಟರನ್ನೇ ಅನುಕರಿಸುತ್ತದೆ, ಅದರೊಳಗೆ ಲಿನಕ್ಸ್ ಬೂಟ್ ಮಾಡಬಹುದು. ಲ್ಯಾಬ್‌ನ ಯಂತ್ರಗಳಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಮೊದಲನೆಯ ದಾರಿಯನ್ನೇ ಹಿಡಿಯಿರಿ, ಮತ್ತು ಬೇರೆ ಟ್ಯಾಬ್‌ಗಳನ್ನು ಮುಚ್ಚಿರಲು ವಿದ್ಯಾರ್ಥಿಗಳಿಗೆ ಹೇಳಿ.